ಹೊರಗಿನ ಆಂಟೆನಾಕ್ಕೆ ಎಷ್ಟು ಕರೆಂಟು ಬೇಕು?

ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಪೆಟ್ಟಿಗೆ ಬೋಟಿನ ಕ್ಯಾಬಿನ್ ಒಳಗಿರುತ್ತದೆ. ಅದರ ಆಂಟೆನಾ ಮಾತ್ರ ಮೇಲೆ, ಆಕಾಶ ಕಾಣುವ ಕಡೆ ಇರಬೇಕು. ನಡುವೆ ನಾಲ್ಕೈದು ಮೀಟರ್ ಕೇಬಲ್. ಕೂರಿಸಲು ಬಂದವರನ್ನು ಬೋಟಿನವರು ಕೇಳುವ ಪ್ರಶ್ನೆ ಒಂದೇ: "ಆ ಆಂಟೆನಾಕ್ಕೆ ಬೇರೆ ಕರೆಂಟು ಕೊಡ್ಬೇಕಾ? ಎಷ್ಟು ಕೊಡ್ಬೇಕು?"

ಪ್ರಶ್ನೆ ಚಿಕ್ಕದು. ಆದರೆ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಸಿಕ್ಕಿಹಾಕಿಕೊಂಡಿವೆ. ಆಂಟೆನಾದ ಒಳಗೆ ಕರೆಂಟು ತಿನ್ನುವ ಭಾಗ ಏನಾದರೂ ಇದೆಯಾ ಅನ್ನುವುದು ಒಂದು. ಪೆಟ್ಟಿಗೆ ಹೊರಡಿಸಿದ ರೇಡಿಯೋ ಶಕ್ತಿಯಲ್ಲಿ ಎಷ್ಟು ಪಾಲು ಕೇಬಲ್ ದಾಟಿ ಆಂಟೆನಾ ಮುಟ್ಟುತ್ತದೆ ಅನ್ನುವುದು ಇನ್ನೊಂದು. ಸಂದೇಶ ಕಳಿಸುವ ಆ ಕ್ಷಣದಲ್ಲಿ ಪೆಟ್ಟಿಗೆ ಕೇಳುವ ಕರೆಂಟನ್ನು ಬ್ಯಾಟರಿ ಮತ್ತು ವೈರು ಕೊಡಬಲ್ಲವಾ ಅನ್ನುವುದು ಮೂರನೆಯದು. ಜನ ಹೆಚ್ಚಾಗಿ ತಲೆಕೆಡಿಸಿಕೊಳ್ಳುವುದು ಮೊದಲನೆಯದರ ಬಗ್ಗೆ. ಕೆಲಸ ಕೆಡುವುದು ಹೆಚ್ಚಾಗಿ ಉಳಿದ ಎರಡರಿಂದ.

ನಮ್ಮ ಕರಾವಳಿಗೆ ಇದು ಈಗ ದೂರದ ವಿಷಯವಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಕಡಲಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಮೊಬೈಲ್ ಸಿಗ್ನಲ್ ದಡದಿಂದ ಸ್ವಲ್ಪ ದೂರಕ್ಕೇ ಮುಗಿದುಹೋಗುತ್ತದೆ. ಆಳಸಮುದ್ರಕ್ಕೆ ಹೋಗುವ ಬೋಟಿಗೆ ಸ್ಯಾಟಲೈಟ್ ಬಿಟ್ಟರೆ ಗತಿಯಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆಯಲ್ಲಿ, ಕರಾವಳಿಯ 13 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ (ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಇಂಥದೇ ಪೆಟ್ಟಿಗೆ) ಕೂರಿಸುವ ಗುರಿ ಇದೆ. ಅಂದರೆ ಕೇಬಲ್, ಕನೆಕ್ಟರ್, ಬ್ಯಾಟರಿಯ ಮಾತು ಇನ್ನು ಬಂದರಿನಲ್ಲೂ ನಡೆಯಲೇಬೇಕು.

ಕರೆಂಟು ತಿನ್ನುವ ಆಂಟೆನಾ, ತಿನ್ನದ ಆಂಟೆನಾ

ಆಂಟೆನಾ ಅಂದರೆ ಮೂಲತಃ ಒಂದು ಅಳತೆಗೆ ಕತ್ತರಿಸಿದ ಲೋಹ. ಅದಕ್ಕೆ ಕರೆಂಟು ಬೇಕಾಗಿಲ್ಲ. ರೇಡಿಯೋ ಶಕ್ತಿ ಕೊಟ್ಟರೆ ಗಾಳಿಗೆ ಬಿಡುತ್ತದೆ, ಗಾಳಿಯಿಂದ ಬಂದದ್ದನ್ನು ಕೇಬಲ್‌ಗೆ ಇಳಿಸುತ್ತದೆ, ಅಷ್ಟೆ. ಇಂಥದ್ದಕ್ಕೆ ಪ್ಯಾಸಿವ್ ಆಂಟೆನಾ ಅನ್ನುತ್ತಾರೆ.

ಕೆಲವು ಆಂಟೆನಾಗಳ ಹೊಟ್ಟೆಯಲ್ಲಿ ಒಂದು ಪುಟ್ಟ ಆಂಪ್ಲಿಫಯರ್ ಕೂಡ ಇರುತ್ತದೆ. ಅದು ಆಕ್ಟಿವ್ ಆಂಟೆನಾ. ಆ ಆಂಪ್ಲಿಫಯರ್‌ಗೆ ಕರೆಂಟು ಬೇಕೇ ಬೇಕು. ಆದರೆ ಅದಕ್ಕಾಗಿ ಬೇರೆ ವೈರು ಎಳೆಯುವುದಿಲ್ಲ. ಸಿಗ್ನಲ್ ಇಳಿದು ಬರುವ ಅದೇ ಕೇಬಲ್‌ನಲ್ಲಿ ಕರೆಂಟು ಮೇಲೆ ಹತ್ತುತ್ತದೆ. ಹೊಸ ವಿಷಯ ಅನ್ನಿಸಿದರೆ ನಿಮ್ಮ ಮನೆಯ ತಾರಸಿ ನೋಡಿ. ಡಿಟಿಎಚ್ ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿ ಕೂತಿರುವ ಎಲ್‌ಎನ್‌ಬಿಗೆ ಪ್ಲಗ್ ಎಲ್ಲಿದೆ? ಇಲ್ಲ. ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸೇ ಕೇಬಲ್ ಮೂಲಕ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಯಾವ ವೋಲ್ಟ್ ಬಂತು ಅನ್ನುವುದರ ಮೇಲೆ ಯಾವ ಗುಂಪಿನ ಚಾನೆಲ್ ಹಿಡಿಯಬೇಕು ಅಂತ ಎಲ್‌ಎನ್‌ಬಿ ತಿಳಿದುಕೊಳ್ಳುತ್ತದೆ. ಕರೆಂಟಿಗೆ ಕರೆಂಟೂ ಆಯಿತು, ಸೂಚನೆಗೆ ಸೂಚನೆಯೂ ಆಯಿತು.

ಒಂದೇ ತಂತಿಯಲ್ಲಿ ಎರಡೂ ಹೋಗುವುದು ಹೇಗೆ? ಡಿಸಿ ಕರೆಂಟು ಅಲುಗಾಡುವುದಿಲ್ಲ. ರೇಡಿಯೋ ಸಿಗ್ನಲ್ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಲುಗಾಡುತ್ತದೆ. ಕಾಯಿಲ್ ಡಿಸಿಯನ್ನು ಸರಾಗ ಬಿಡುತ್ತದೆ, ರೇಡಿಯೋ ಸಿಗ್ನಲನ್ನು ತಡೆಯುತ್ತದೆ. ಕೆಪಾಸಿಟರ್ ಸರಿಯಾಗಿ ಅದರ ಉಲ್ಟಾ. ಕೇಬಲ್‌ನ ಎರಡೂ ತುದಿಯಲ್ಲಿ ಇವೆರಡನ್ನು ಕೂರಿಸಿದರೆ ಯಾರ ದಾರಿ ಯಾರಿಗೂ ಅಡ್ಡ ಬರುವುದಿಲ್ಲ. ಈ ಜೋಡಣೆಗೆ ಬಯಾಸ್ ಟೀ ಅನ್ನುತ್ತಾರೆ.

ಜಿಪಿಎಸ್ ಆಂಟೆನಾ ಇದೇ ಜಾತಿ. ಭೂಮಿಗೆ ಮುಟ್ಟುವ ಜಿಪಿಎಸ್ ಸಿಗ್ನಲ್ ಎಷ್ಟು ಬಡಕಲು ಅಂದರೆ, ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಸಾವಿರ ಪಾಲು ಮಾಡಿದಷ್ಟು. ಅದನ್ನು ಹಾಗೇ ಐದು ಮೀಟರ್ ಕೇಬಲ್‌ಗೆ ಇಳಿಸಿದರೆ ದಾರಿಯಲ್ಲೇ ಸತ್ತುಹೋಗುತ್ತದೆ. ಕೆಳಗೆ ಬಂದ ಮೇಲೆ ಎಷ್ಟು ದೊಡ್ಡ ಆಂಪ್ಲಿಫಯರ್ ಹಾಕಿದರೂ ಸಿಗ್ನಲ್ ಜೊತೆ ಗದ್ದಲವೂ ಅಷ್ಟೇ ದೊಡ್ಡದಾಗುತ್ತದೆ. ಹಾಗಾಗಿ ಹಿಡಿದ ಜಾಗದಲ್ಲೇ ಸಿಗ್ನಲ್‌ ಅನ್ನು ಸುಮಾರು 28 ಡಿಬಿ (ಡೆಸಿಬೆಲ್), ಅಂದರೆ 600 ಪಟ್ಟಿಗೂ ಜಾಸ್ತಿ ಬಲಪಡಿಸಿ ಕೆಳಗೆ ಕಳಿಸುತ್ತಾರೆ. ಇಷ್ಟಕ್ಕೆ ಬೇಕಾಗುವುದು 3ರಿಂದ 5 ವೋಲ್ಟ್, 10ರಿಂದ 30 ಮಿಲಿಆಂಪ್. ಲೆಕ್ಕಕ್ಕೇ ಇಲ್ಲದಷ್ಟು ಕರೆಂಟು.

ಕಳಿಸುವ ಆಂಟೆನಾದ ಕಥೆಯೇ ಬೇರೆ

ಇಲ್ಲೇ ಹೆಚ್ಚಿನವರು ಎಡವುವುದು. ಜಿಪಿಎಸ್ ಆಂಟೆನಾಕ್ಕೆ 5 ವೋಲ್ಟ್ ಬೇಕು ಅಂದಮೇಲೆ ಸ್ಯಾಟಲೈಟ್‌ಗೆ ಸಂದೇಶ ಕಳಿಸುವ ಆಂಟೆನಾಕ್ಕೂ ಅಷ್ಟೋ ಇಷ್ಟೋ ಬೇಕಲ್ವಾ ಅನ್ನುವ ಊಹೆ ಸಹಜ. ನೋಡಲು ಎರಡೂ ಒಂದೇ ಥರ, ಅದೇ ಬಿಳಿ ಗುಂಡಿ, ಅದೇ ಎಸ್‌ಎಂಎ ಅನ್ನುವ ತಿರುಗಿಸಿ ಕೂರಿಸುವ ಕನೆಕ್ಟರ್.

ಆದರೆ ಸಿಗ್ನಲ್ ಹಿಡಿಯಲೆಂದು ಮಾಡಿದ ಆಂಪ್ಲಿಫಯರ್ ಪಂಪ್‌ಸೆಟ್‌ನ ಫುಟ್‌ವಾಲ್ವ್ ಇದ್ದ ಹಾಗೆ, ಒಂದೇ ದಿಕ್ಕಿಗೆ ದಾರಿ ಬಿಡುತ್ತದೆ. ಮೇಲಿನಿಂದ ಕೆಳಕ್ಕೆ ಬರಬಹುದು, ಕೆಳಗಿನಿಂದ ಮೇಲಕ್ಕೆ ಹೋಗುವಂತಿಲ್ಲ. ಅದರ ಬಾಯಿಗೆ ಒಂದೂವರೆ ವ್ಯಾಟ್ ತಳ್ಳಿದರೆ ಹೊರಗೇನೂ ಹೋಗುವುದಿಲ್ಲ, ಒಳಗಿನ ಚಿಪ್ ಸುಟ್ಟುಹೋದರೂ ಆಶ್ಚರ್ಯವಿಲ್ಲ. ಅದಕ್ಕೇ ಸಣ್ಣ ಟ್ರ್ಯಾಕರ್, ಮೆಸೆಂಜರ್, ಟ್ರಾನ್ಸ್‌ಪಾಂಡರ್ ಜಾತಿಯ ಉಪಕರಣಗಳ ಕಳಿಸುವ ಆಂಟೆನಾ ಬಹುತೇಕ ಪ್ಯಾಸಿವ್. ಅದಕ್ಕೆ ಬೇಕಾದ ಡಿಸಿ ಕರೆಂಟು ಸೊನ್ನೆ.

ಹಾಗಾದರೆ ಕಳಿಸುವುದಕ್ಕೂ ಹಿಡಿಯುವುದಕ್ಕೂ ಎರಡು ಆಂಪ್ಲಿಫಯರ್ ಇಟ್ಟು ಆಕ್ಟಿವ್ ಆಂಟೆನಾ ಮಾಡಲು ಆಗುವುದಿಲ್ಲವಾ? ಆಗುತ್ತದೆ, ಆದರೆ ಅಷ್ಟು ಸುಲಭವಲ್ಲ. ಇನ್‌ಮಾರ್‌ಸ್ಯಾಟ್ ಅನ್ನುವ ಸ್ಯಾಟಲೈಟ್ ಜಾಲದಲ್ಲಿ ಕೆಳಗೆ ಬರುವ ಸಿಗ್ನಲ್ 1525ರಿಂದ 1559 ಮೆಗಾಹರ್ಟ್ಸ್, ಮೇಲೆ ಹೋಗುವುದು 1626.5ರಿಂದ 1660.5. ಎರಡೂ ಬೇರೆ ಬೇರೆ ಇರುವುದರಿಂದ ಒಂದು ಫಿಲ್ಟರ್ ಇಟ್ಟು ದಾರಿ ಬೇರೆ ಮಾಡಬಹುದು. ಇರಿಡಿಯಂ ಅನ್ನುವ ಇನ್ನೊಂದು ಜಾಲದಲ್ಲಿ ಹೋಗುವುದೂ ಬರುವುದೂ ಒಂದೇ 1616–1626.5 ಮೆಗಾಹರ್ಟ್ಸ್ ಒಳಗೆ, ಸರದಿಯ ಮೇಲೆ. ಹಾಗಾಗಿ ಪೆಟ್ಟಿಗೆ ಈಗ ಕಳಿಸುತ್ತಿದೆಯಾ, ಕೇಳುತ್ತಿದೆಯಾ ಅಂತ ಆಂಟೆನಾ ಕ್ಷಣಕ್ಷಣಕ್ಕೂ ಗಮನಿಸಿ ಸ್ವಿಚ್ ಬದಲಾಯಿಸಬೇಕು. ದೊಡ್ಡ ಹಡಗುಗಳಲ್ಲಿ ಕೇಬಲ್ ತೀರಾ ಉದ್ದವಾದಾಗ ಇಂಥ ದುಬಾರಿ ಆಂಟೆನಾ ಹಾಕುತ್ತಾರೆ. ಅದಕ್ಕೆ ಕರೆಂಟು ಬೇಕು, ಎಷ್ಟು ಅಂತ ಅದರ ಮೈಮೇಲೆ ಬರೆದಿರುತ್ತದೆ, ಮತ್ತು ಅದು ಆಯಾ ಕಂಪನಿಯ ಪೆಟ್ಟಿಗೆಯೊಂದಿಗೇ ಜೋಡಿಯಾಗಿ ಬರುತ್ತದೆ.

ಈಗ ಸಿಗುವ ಬಹಳಷ್ಟು ಟ್ರ್ಯಾಕರ್‌ಗಳಿಗೆ ಎರಡು ಕೆಲಸ: ತಾನು ಎಲ್ಲಿದ್ದೇನೆ ಅಂತ ಜಿಪಿಎಸ್ ಅಥವಾ ನಮ್ಮ ನಾವಿಕ್‌ನಿಂದ ತಿಳಿದುಕೊಳ್ಳುವುದು, ಅದನ್ನು ಇನ್ನೊಂದು ಸ್ಯಾಟಲೈಟ್‌ಗೆ ಕಳಿಸುವುದು. ಎರಡಕ್ಕೂ ಸೇರಿ ಒಂದೇ ಕವಚದ ಜೋಡಿ ಆಂಟೆನಾ, ಹೊರಗೆ ಎರಡು ಕೇಬಲ್. ಒಂದರಲ್ಲಿ ಡಿಸಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಕೇಬಲ್ ಅದಲುಬದಲಾದರೆ ಎರಡೂ ಕೆಲಸ ಕೆಡುತ್ತದೆ. ಎಷ್ಟೋ ಪ್ಯಾಸಿವ್ ಆಂಟೆನಾಗಳಲ್ಲಿ ನಡುವಿನ ಪಿನ್ನು ಮತ್ತು ಹೊರಚಿಪ್ಪು ಡಿಸಿ ಮಟ್ಟಿಗೆ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ರೇಡಿಯೋ ಸಿಗ್ನಲ್‌ಗೆ ಅದರಿಂದ ತೊಂದರೆಯಿಲ್ಲ. ಆದರೆ 5 ವೋಲ್ಟ್ ಕೊಡುವ ಪೋರ್ಟಿಗೆ ಅದನ್ನು ತಿರುಗಿಸಿದರೆ ಅಪ್ಪಟ ಶಾರ್ಟ್. ಒಳ್ಳೆಯ ಉಪಕರಣವಾದರೆ "ಆಂಟೆನಾ ಶಾರ್ಟ್" ಅಂತ ಹೇಳಿ ಕರೆಂಟು ನಿಲ್ಲಿಸುತ್ತದೆ. ಅಗ್ಗದ್ದಾದರೆ ಹೊಗೆ.

ಎರಡು ಆಂಟೆನಾಗಳು ಬೇರೆ ಬೇರೆ ಇದ್ದರೆ ಅವನ್ನು ಪಕ್ಕಪಕ್ಕದಲ್ಲಿ ಅಂಟಿಸಬೇಡಿ. ಜಿಪಿಎಸ್ ಇರುವುದು 1575.42 ಮೆಗಾಹರ್ಟ್ಸ್‌ನಲ್ಲಿ. 1620ರ ಆಸುಪಾಸು ಪಕ್ಕದಲ್ಲೇ ಒಂದು ವ್ಯಾಟ್ ಕೂಗಿದರೆ, ಆ ಬಡಕಲು ಸಿಗ್ನಲ್ ಹಿಡಿಯಲು ಕಿವಿ ತೆರೆದು ಕೂತಿರುವ ಜಿಪಿಎಸ್ ಆಂಪ್ಲಿಫಯರ್‌ಗೆ ಅಷ್ಟು ಹೊತ್ತು ಏನೂ ಕೇಳಿಸುವುದಿಲ್ಲ.

ಕೇಬಲ್ ತಿನ್ನುವ ಶಕ್ತಿ

ಆಂಟೆನಾಕ್ಕೆ ಡಿಸಿ ಬೇಡ ಅಂದಕೂಡಲೇ ನೆಮ್ಮದಿಯಾಗಿ ಸಿಕ್ಕಿದ ಕೇಬಲ್ ಹಾಕಿಬಿಡುತ್ತಾರೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಹೆಚ್ಚು ಗಮನ ಕೊಡಬೇಕಾದ ಜಾಗ ಇದೇ.

ಒಂದು ಲೆಕ್ಕ ನೋಡೋಣ. ಇರಿಡಿಯಂನ 9602 ಅನ್ನುವ ಪುಟ್ಟ ಮೋಡೆಮ್ ಬೆಂಕಿಪೆಟ್ಟಿಗೆ ಗಾತ್ರಕ್ಕೆ ಹತ್ತಿರದ್ದು. ಸಮುದ್ರ, ಹಿಮಾಲಯ, ಬಲೂನು, ಎಲ್ಲ ಕಡೆಯೂ ಓಡಾಡಿದೆ. ಅದು ಹೊರಡಿಸುವುದು ಹೆಚ್ಚೆಂದರೆ 1.6 ವ್ಯಾಟ್. ಈ ತರಂಗಾಂತರದಲ್ಲಿ ತೆಳ್ಳಗಿನ ಆರ್‌ಜಿ-174 ಕೇಬಲ್ ಮೀಟರಿಗೆ ಸುಮಾರು 1.4 ಡಿಬಿ ನುಂಗುತ್ತದೆ. ಆರ್‌ಜಿ-58 ಸುಮಾರು 0.85, ಎಲ್‌ಎಂಆರ್-195 ಅರ್ಧ ಡಿಬಿಗಿಂತ ತುಸು ಕಡಿಮೆ. ಬೆರಳುಗಾತ್ರದ ಎಲ್‌ಎಂಆರ್-400 ಮೀಟರಿಗೆ 0.17 ಡಿಬಿ ಮಾತ್ರ. ತಯಾರಕರನ್ನು ನೋಡಿ ಅಂಕಿ ತುಸು ಆಚೀಚೆ ಆಗುತ್ತದೆ. ನೆನಪಿಡಬೇಕಾದ್ದು ಇಷ್ಟೇ: 3 ಡಿಬಿ ಹೋದರೆ ಅರ್ಧ ಶಕ್ತಿ ಹೋಯಿತು, 10 ಡಿಬಿ ಹೋದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು.

ಮೂರು ಮೀಟರ್ ಆರ್‌ಜಿ-174 ಹಾಕಿದರೆ 1.6 ವ್ಯಾಟಿನಲ್ಲಿ ಆಂಟೆನಾಕ್ಕೆ ಮುಟ್ಟುವುದು 0.6. ಉಳಿದ ಒಂದು ವ್ಯಾಟ್ ಕೇಬಲ್ ಬಿಸಿ ಮಾಡಲು ಖರ್ಚು. ಅದೇ ಉದ್ದಕ್ಕೆ ಆರ್‌ಜಿ-58 ಹಾಕಿದರೆ 0.9 ವ್ಯಾಟ್ ಮುಟ್ಟುತ್ತದೆ. ಆರ್‌ಜಿ-58ನ್ನೇ ಹತ್ತು ಮೀಟರ್ ಎಳೆದರೆ ಉಳಿಯುವುದು ಕಾಲು ವ್ಯಾಟಿಗೂ ಕಡಿಮೆ. ಅದೇ ಹತ್ತು ಮೀಟರಿಗೆ ಎಲ್‌ಎಂಆರ್-400 ಹಾಕಿದರೆ ಒಂದು ವ್ಯಾಟಿಗೂ ಸ್ವಲ್ಪ ಜಾಸ್ತಿ ಮೇಲೆ ಹೋಗುತ್ತದೆ. ಇಂಥ ಉಪಕರಣಗಳಿಗೆ ಕೇಬಲ್, ಕನೆಕ್ಟರ್ ಎಲ್ಲ ಸೇರಿ 2ರಿಂದ 3 ಡಿಬಿಯೊಳಗೆ ನಷ್ಟ ಮುಗಿಯಬೇಕು ಅನ್ನುವುದು ರೂಢಿಯ ಮಿತಿ. ಪೆಟ್ಟಿಗೆಯನ್ನು ಆಂಟೆನಾದ ಹತ್ತಿರ ತಂದು, ಬ್ಯಾಟರಿಯ ವೈರನ್ನು ಉದ್ದ ಮಾಡುವುದು ಎಷ್ಟೋ ಸಲ ಇದಕ್ಕಿಂತ ಅಗ್ಗ. ಡಿಸಿ ವೈರು ದಪ್ಪ ಮಾಡುವುದು ಸುಲಭ, ದಪ್ಪ ಆಂಟೆನಾ ಕೇಬಲ್ (ಕೋ-ಆಕ್ಸ್) ಬಗ್ಗಿಸುವುದು ಕಷ್ಟ.

ನಷ್ಟ ಬರೀ ಉದ್ದದಿಂದ ಬರುವುದಿಲ್ಲ. ಉಪ್ಪುಗಾಳಿ ಕನೆಕ್ಟರ್ ಒಳಗೆ ಹೊಕ್ಕರೆ ಹೊರಜಾಲರಿ ಹಸಿರುಗಟ್ಟುತ್ತದೆ. ಕೇಬಲ್ ನೀರು ಕುಡಿಯುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿ, ಸಂದೇಶ ಮಾತ್ರ ನಾಲ್ಕರಲ್ಲಿ ಒಂದು ಹೋಗುತ್ತದೆ. ಜೋಡಣೆ ಕೆಟ್ಟಾಗ ಶಕ್ತಿಯ ಒಂದು ಪಾಲು ಆಂಟೆನಾಕ್ಕೆ ಇಳಿಯದೆ ವಾಪಸ್ ಬರುತ್ತದೆ. ಜೋಡಣೆ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕಿ ಎಸ್‌ಡಬ್ಲ್ಯೂಆರ್. ಅದು ಎರಡಿದ್ದರೆ ನೂರರಲ್ಲಿ 11 ಪಾಲು, ಮೂರಿದ್ದರೆ 25 ಪಾಲು. ಆಂಟೆನಾವೇ ಇಲ್ಲದೆ ಕಳಿಸಿದರೆ ಪೂರ್ತಿ ವಾಪಸ್. ಅದನ್ನು ತಾಳಿಕೊಳ್ಳುವ ಹಾಗೆ ಎಲ್ಲ ಟ್ರಾನ್ಸ್‌ಮಿಟರ್‌ಗಳನ್ನೂ ಕಟ್ಟಿರುವುದಿಲ್ಲ. ಕೇಬಲ್ ಬಿಚ್ಚಿಟ್ಟು "ಸುಮ್ನೆ ಒಂದ್ಸಲ ಆನ್ ಮಾಡಿ ನೋಡೋಣ" ಅನ್ನುವುದು ಬೇಡ.

ಇದರ ಕ್ರೂರ ಉದಾಹರಣೆ ವಿಮಾನಗಳಲ್ಲಿದೆ. ವಿಮಾನ ಬಿದ್ದಾಗ ತಾನಾಗಿಯೇ ಕೂಗಬೇಕಾದ 406 ಮೆಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಒಳಗಿರುತ್ತದೆ, ಆಂಟೆನಾ ವಿಮಾನದ ಬೆನ್ನಮೇಲೆ. ಪೆಟ್ಟಿಗೆ ಗಟ್ಟಿ, ಬ್ಯಾಟರಿ ಗಟ್ಟಿ. ಬಿದ್ದ ರಭಸಕ್ಕೆ ನಡುವಿನ ಕೇಬಲ್ ಹರಿದರೆ ಕೂಗಿದ್ದು ಯಾರಿಗೂ ಕೇಳುವುದಿಲ್ಲ. ಹಡಗಿನಲ್ಲಿ ಇಡುವ ಇದೇ ಜಾತಿಯ ಬೀಕನ್‌ಗೆ ಆಂಟೆನಾ ಮೈಗೇ ಅಂಟಿಕೊಂಡಿರುವುದು ಸುಮ್ಮನೆ ಅಲ್ಲ. ಹಡಗು ಮುಳುಗಿದಾಗ ಅದು ಕಳಚಿಕೊಂಡು ಒಂಟಿಯಾಗಿ ತೇಲಬೇಕು. ಭಾರತದ ಪಾಲಿಗೆ ಆ ಕೂಗು ಬಂದು ಸೇರುವುದು ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿರುವ ಮಿಷನ್ ಕಂಟ್ರೋಲ್ ಸೆಂಟರ್‌ಗೆ. ಮೀನುಗಾರರಿಗಾಗಿ ಇಸ್ರೋ 2010ರಿಂದ ನಡೆಸುತ್ತಿರುವ ಡಿಎಟಿ ಸಾಧನದ ತುರ್ತು ಸಂದೇಶವೂ ಅಲ್ಲಿಗೇ ಬರುತ್ತದೆ. ಅಲ್ಲಿಂದ ಕರಾವಳಿ ಕಾವಲು ಪಡೆಯ ರಕ್ಷಣಾ ಕೇಂದ್ರಗಳಿಗೆ ಹೋಗುತ್ತದೆ.

ಆಂಟೆನಾ ದೊಡ್ಡದು ಮಾಡಿದರೆ?

ಕೇಬಲ್‌ನಲ್ಲಿ ಕಳೆದದ್ದನ್ನು ಜಾಸ್ತಿ ಗೇನ್ (ಒಂದು ದಿಕ್ಕಿಗೆ ಜಾಸ್ತಿ ಬಲ) ಇರುವ ಆಂಟೆನಾದಿಂದ ವಾಪಸ್ ಪಡೆಯಬಹುದಲ್ಲ ಅನ್ನಿಸುತ್ತದೆ. ಆದರೆ ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಸುತ್ತಲೂ ಚೆಲ್ಲುವುದನ್ನು ಒಂದು ಕಡೆಗೆ ಒಟ್ಟುಮಾಡುತ್ತದೆ. ಒಂದು ಕಡೆ ಜಾಸ್ತಿ ಅಂದರೆ ಇನ್ನೊಂದು ಕಡೆ ಕಡಿಮೆ.

ಇರಿಡಿಯಂನ 66 ಸ್ಯಾಟಲೈಟ್‌ಗಳು 780 ಕಿಲೋಮೀಟರ್ ಎತ್ತರದಲ್ಲಿ ಓಡುತ್ತಲೇ ಇರುತ್ತವೆ. ತಲೆಯ ಮೇಲೆ ಇದ್ದದ್ದು ಕೆಲವೇ ನಿಮಿಷದಲ್ಲಿ ದಿಗಂತ ಸೇರುತ್ತದೆ. ದಿಗಂತದ ಹತ್ತಿರ ಇರುವಾಗ ಅದರ ದೂರ ಮೂರು ಪಟ್ಟಾಗುತ್ತದೆ, ಸಿಗ್ನಲ್ ಸುಮಾರು ಹತ್ತು ಪಟ್ಟು ಸೊರಗುತ್ತದೆ. ನೆತ್ತಿಗೆ ಮಾತ್ರ ಗುರಿಯಿಟ್ಟ ಆಂಟೆನಾ ಹಾಕಿದರೆ ಆ ಕ್ಷಣಕ್ಕೆ ಚೆನ್ನ, ಉಳಿದ ಹೊತ್ತು ಕುರುಡು. ಅದಕ್ಕೇ ಅಲ್ಲಿ ಇಡೀ ಆಕಾಶವನ್ನು ಸಮನಾಗಿ ನೋಡುವ ಗುಂಡಿ ಆಂಟೆನಾವೇ ಸರಿ.

ಒಂದೇ ಕಡೆ ನಿಂತ ಹಾಗೆ ಕಾಣುವ, 36,000 ಕಿಲೋಮೀಟರ್ ಎತ್ತರದ ಸ್ಯಾಟಲೈಟ್ ಆದರೆ ಲೆಕ್ಕ ಬೇರೆ. ದೂರ 46 ಪಟ್ಟು, ಹಾಗಾಗಿ ಸಿಗ್ನಲ್ ಎರಡು ಸಾವಿರ ಪಟ್ಟು ಬಡಕಲು. ಕೆಳಗಿನ ಪೆಟ್ಟಿಗೆ ಚಿಕ್ಕದಾಗಿಯೇ ಇರಬೇಕು ಅಂದರೆ ಮೇಲಿನ ಆಂಟೆನಾ ದೊಡ್ಡದಾಗಬೇಕು. 2015ರಲ್ಲಿ ಹಾರಿದ ಜಿಸ್ಯಾಟ್-6ಕ್ಕೆ ಇಸ್ರೋ ಬಾಹ್ಯಾಕಾಶದಲ್ಲಿ ಬಿಚ್ಚಿಕೊಳ್ಳುವ 6 ಮೀಟರ್ ಅಗಲದ ಆಂಟೆನಾ ಕಟ್ಟಿದ್ದು ಇದೇ ಕಾರಣಕ್ಕೆ. ನಮ್ಮ ಅದೃಷ್ಟವೂ ಒಂದಿದೆ. 83 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಸ್ಯಾಟಲೈಟನ್ನು ಮಲ್ಪೆಯಿಂದ ನೋಡಿದರೆ ಅದು ದಿಗಂತದಿಂದ ಸುಮಾರು 71 ಡಿಗ್ರಿ ಮೇಲಿರುತ್ತದೆ, ಹೆಚ್ಚುಕಡಿಮೆ ನೆತ್ತಿಯ ಮೇಲೇ. ಚಪ್ಪಟೆ ಆಂಟೆನಾ ಮಲಗಿಸಿಟ್ಟರೂ ಸಾಕು. ಬೋಟು ಅಲೆಗೆ 20 ಡಿಗ್ರಿ ವಾಲಿದರೂ ಸ್ಯಾಟಲೈಟ್ ನೋಟದಿಂದ ಜಾರುವುದಿಲ್ಲ. ಯುರೋಪಿನ ಉತ್ತರದ ಮೀನುಗಾರರಿಗೆ ಈ ಸುಖ ಇಲ್ಲ.

ಒಂದು ಕ್ಷಣದ ಹಸಿವು

ಈಗ ಮೂರನೆಯ ಪ್ರಶ್ನೆ. ಇದು ಆಂಟೆನಾದ್ದಲ್ಲ ಅನ್ನಿಸಬಹುದು. ಆದರೆ "ಆಂಟೆನಾ ಸರಿಯಿಲ್ಲ" ಅಂತ ಬೈಸಿಕೊಳ್ಳುವ ಎಷ್ಟೋ ಕೇಸುಗಳ ಮೂಲ ಇಲ್ಲಿದೆ.

ಮೇಲೆ ಹೇಳಿದ 9602 ಮೋಡೆಮ್ 5 ವೋಲ್ಟಿನಲ್ಲಿ ಓಡುತ್ತದೆ. ಸುಮ್ಮನೆ ಕೂತಾಗ ಸರಾಸರಿ 45 ಮಿಲಿಆಂಪ್, ಕಳಿಸುವಾಗ ಸರಾಸರಿ 190. ಇಷ್ಟು ಓದಿ ಅರ್ಧ ಆಂಪ್ ಕೊಡುವ ಸಪ್ಲೈ ಸಾಕು ಅಂತ ತೀರ್ಮಾನಿಸುತ್ತಾರೆ. ಅದೇ ಪುಟದಲ್ಲಿ ಇನ್ನೊಂದು ಅಂಕಿ ಇರುತ್ತದೆ: ಕಳಿಸುವ ಕ್ಷಣದಲ್ಲಿ 1.5 ಆಂಪ್. ಇರಿಡಿಯಂನಲ್ಲಿ 90 ಮಿಲಿಸೆಕೆಂಡಿಗೊಂದು ಸುತ್ತು. ಅದರಲ್ಲಿ ನಮ್ಮ ಪೆಟ್ಟಿಗೆ ಮಾತಾಡುವುದು ಸುಮಾರು 8.3 ಮಿಲಿಸೆಕೆಂಡ್ ಮಾತ್ರ. ಆ ಎಂಟು ಮಿಲಿಸೆಕೆಂಡಿನ ಹಸಿವು 1.5 ಆಂಪ್, ಉಳಿದ ಹೊತ್ತು ಬಹುತೇಕ ಉಪವಾಸ. ಮೀಟರ್ ತೋರಿಸುವ ಸರಾಸರಿಯಲ್ಲಿ ಈ ಹಸಿವು ಕಾಣುವುದೇ ಇಲ್ಲ.

ಬ್ಯಾಟರಿಯಿಂದ ಮೋಡೆಮ್‌ವರೆಗಿನ ತೆಳ್ಳಗಿನ ವೈರು, ಫ್ಯೂಸು, ಕನೆಕ್ಟರ್ ಎಲ್ಲ ಸೇರಿ 0.4 ಓಮ್ ಇದೆ ಅಂದುಕೊಳ್ಳಿ. 1.5 ಆಂಪ್ ಹರಿದಾಗ 0.6 ವೋಲ್ಟ್ ಅಲ್ಲೇ ಹೋಯಿತು. 5 ಇದ್ದದ್ದು 4.4 ಆಯಿತು. ಮೋಡೆಮ್ ಕಳಿಸಲು ಶುರು ಮಾಡಿದ ಕೂಡಲೇ ರೀಸೆಟ್ ಆಗುತ್ತದೆ, ಮತ್ತೆ ಎದ್ದು ಸಿಗ್ನಲ್ ಹುಡುಕುತ್ತದೆ, ಮತ್ತೆ ಕಳಿಸಲು ಹೋಗಿ ಬೀಳುತ್ತದೆ. ಸಿಗ್ನಲ್ ಕಡ್ಡಿ ಮಾತ್ರ ಐದಕ್ಕೆ ಐದು. ನೋಡಿದವರಿಗೆ ಇದು ಆಂಟೆನಾದ ತಪ್ಪು ಅಂತಲೇ ಅನ್ನಿಸುತ್ತದೆ.

ಒಂದು ಕೆಪಾಸಿಟರ್ ಹಾಕಿದರೆ ಸರಿಯಾಗುತ್ತದೆ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಸಲಹೆ ಸರಿ, ಗಾತ್ರ ತಪ್ಪು. ಸಪ್ಲೈ ಅರ್ಧ ಆಂಪ್ ಕೊಡುತ್ತದೆ, ಇನ್ನೊಂದು ಆಂಪ್ 8.3 ಮಿಲಿಸೆಕೆಂಡ್ ಹೊತ್ತು ಕೆಪಾಸಿಟರ್‌ನಿಂದ ಬರಬೇಕು, ಅಷ್ಟರಲ್ಲಿ ವೋಲ್ಟೇಜ್ 0.2ಕ್ಕಿಂತ ಜಾಸ್ತಿ ಇಳಿಯಬಾರದು ಅಂತ ಇಟ್ಟುಕೊಳ್ಳಿ. ಒಂದು ಆಂಪ್‌ ಅನ್ನು 0.0083 ಸೆಕೆಂಡಿನಿಂದ ಗುಣಿಸಿ 0.2ರಿಂದ ಭಾಗಿಸಿ. ಸುಮಾರು 0.04 ಫ್ಯಾರಡ್, ಅಂದರೆ 40,000 ಮೈಕ್ರೋಫ್ಯಾರಡ್ ಬಂತು. ಅಂಗಡಿಯಲ್ಲಿ ಸಿಗುವ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇಲ್ಲಿ ಯಾವ ಮೂಲೆಗೂ ಸಾಲದು. ಅದಕ್ಕೇ ಇಂಥ ಬೋರ್ಡುಗಳ ಮೇಲೆ ಸೂಪರ್ ಕೆಪಾಸಿಟರ್ ಕಾಣುವುದು. ಅದಿಲ್ಲದಿದ್ದರೆ 2 ಆಂಪ್ ನಿರಾಯಾಸವಾಗಿ ಕೊಡುವ ಸಪ್ಲೈ, ಮೋಟುದ್ದದ ದಪ್ಪ ವೈರು, ಇವೆರಡೇ ದಾರಿ.

ತುರ್ತು ಬೀಕನ್‌ನಲ್ಲೂ ಇದೇ ಲೆಕ್ಕ ಇನ್ನೊಂದು ರೂಪದಲ್ಲಿದೆ. 406 ಮೆಗಾಹರ್ಟ್ಸ್ ಬೀಕನ್ 5 ವ್ಯಾಟಿನಲ್ಲಿ ಕೂಗುತ್ತದೆ. ಆದರೆ ಒಂದು ಕೂಗು ಅರ್ಧ ಸೆಕೆಂಡಿನ ಆಸುಪಾಸು, ಅದೂ 50 ಸೆಕೆಂಡಿಗೊಮ್ಮೆ. ಸರಾಸರಿ ತೆಗೆದರೆ 50 ಮಿಲಿವ್ಯಾಟ್ ಆಸುಪಾಸು. ಸಣ್ಣ ಬ್ಯಾಟರಿಯಲ್ಲಿ 48 ಗಂಟೆ ಕೂಗುತ್ತಾ ಇರಲು ಸಾಧ್ಯವಾಗುವುದು ಹೀಗೆ. ಕಡಲಾಮೆಯ ಬೆನ್ನಿಗೆ ಅಂಟಿಸುವ ಟ್ಯಾಗ್‌ಗಳು ಇನ್ನೂ ಜಿಪುಣ. ಉಪ್ಪುನೀರು ತಾಗುತ್ತಿದೆಯಾ ಅಂತ ನೋಡುವ ಒಂದು ಸ್ವಿಚ್ ಇರುತ್ತದೆ. ಆಮೆ ಉಸಿರಾಡಲು ಮೇಲೆ ಬಂದಾಗ ಮಾತ್ರ ಕಳಿಸುತ್ತವೆ. ಈ ಜಾತಿಯ ಟ್ಯಾಗ್‌ಗಳ ಮಾತು ಕೇಳುವ ಆರ್ಗೋಸ್ ಉಪಕರಣವನ್ನು 2022ರ ನವೆಂಬರ್‌ನಲ್ಲಿ ಹಾರಿದ ಇಸ್ರೋದ ಇಒಎಸ್-06 ಕೂಡ ಹೊತ್ತಿದೆ.

ಬೋಟಿನಲ್ಲಿ ಇನ್ನೊಂದು ತಲೆನೋವು ಸೇರಿಕೊಳ್ಳುತ್ತದೆ. 12 ವೋಲ್ಟಿನ ಬ್ಯಾಟರಿ ಎಂಜಿನ್ ಸ್ಟಾರ್ಟ್ ಮಾಡುವಾಗ 9ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಕುಸಿಯುತ್ತದೆ. ಎಂಜಿನ್ ಓಡಲು ಶುರುವಾದ ಮೇಲೆ 14 ದಾಟುತ್ತದೆ. ನಡುವೆ ಒಂದು ಒಳ್ಳೆಯ ಡಿಸಿ ಕನ್ವರ್ಟರ್ ಇಲ್ಲದೆ ನೇರ ಜೋಡಿಸಿದರೆ ಪೆಟ್ಟಿಗೆ ಪ್ರತಿ ಸ್ಟಾರ್ಟಿಗೂ ಸತ್ತು ಹುಟ್ಟುತ್ತದೆ.

ಕರೆಂಟು ನಿಜವಾಗಿ ಮೇಲೆ ಹೋಗಬೇಕಾದಲ್ಲಿ

ಕಳಿಸುವ ಆಂಟೆನಾಕ್ಕೆ ಡಿಸಿ ಬೇಡ ಅಂದೆ. ದೊಡ್ಡ ವ್ಯವಸ್ಥೆಗಳಲ್ಲಿ ಅದು ಉಲ್ಟಾ. ಹಳ್ಳಿಯ ಬ್ಯಾಂಕಿನ ಅಥವಾ ಎಟಿಎಂನ ತಾರಸಿ ಮೇಲೆ ಸ್ಯಾಟಲೈಟ್ ಸಂಪರ್ಕಕ್ಕೆಂದು ಇಟ್ಟ ವಿಸ್ಯಾಟ್ ಡಿಶ್ ನೋಡಿ. ಅಲ್ಲಿ ಕಳಿಸುವ ಆಂಪ್ಲಿಫಯರನ್ನೇ ಡಿಶ್‌ನ ಮುಂದೆ ಕೂರಿಸಿರುತ್ತಾರೆ. ಒಳಗಿನ ಮೋಡೆಮ್ ಒಂದೇ ಕೇಬಲ್‌ನಲ್ಲಿ ಮೂರು ಸರಕು ಕಳಿಸುತ್ತದೆ: 24 ವೋಲ್ಟ್ ಡಿಸಿ, ತಾಳ ತಪ್ಪದಿರಲು 10 ಮೆಗಾಹರ್ಟ್ಸ್ ಸಿಗ್ನಲ್, ಮತ್ತು 950 ಮೆಗಾಹರ್ಟ್ಸ್‌ಗಿಂತ ಮೇಲಿನ ಅಸಲಿ ಸಂದೇಶ.

ಇಲ್ಲಿ ಕೇಬಲ್‌ನ ಲೋಹ ಮುಖ್ಯವಾಗುತ್ತದೆ. ಡಿಟಿಎಚ್‌ಗೆ ಬಳಸುವ ಅಗ್ಗದ ಆರ್‌ಜಿ-6 ಕೇಬಲ್‌ನ ನಡುತಂತಿ ಉಕ್ಕು, ಮೇಲೆ ತಾಮ್ರದ ಲೇಪ. ರೇಡಿಯೋ ಸಿಗ್ನಲ್ ಮೇಲ್ಮೈಯಲ್ಲೇ ಓಡುವುದರಿಂದ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಡಿಸಿಗೆ ತಿಳಿಯುತ್ತದೆ. ಮೂವತ್ತು ಮೀಟರ್ ಕೇಬಲ್‌ನಲ್ಲಿ ಒಂದು ಆಂಪ್ ಹರಿದರೆ ಉಕ್ಕಿನ ನಡುತಂತಿಯಲ್ಲೇ ಮೂರು ವೋಲ್ಟಿನ ಹತ್ತಿರ ಬೀಳುತ್ತದೆ. ಅಪ್ಪಟ ತಾಮ್ರದಲ್ಲಿ ಮುಕ್ಕಾಲು ವೋಲ್ಟೂ ಇಲ್ಲ. ಎಲ್‌ಎನ್‌ಬಿ ಕೇಳುವುದು ನೂರಿನ್ನೂರು ಮಿಲಿಆಂಪ್ ಆದ್ದರಿಂದ ಡಿಟಿಎಚ್‌ನಲ್ಲಿ ಈ ದೋಷ ಮುಚ್ಚಿಹೋಗುತ್ತದೆ, ವಿಸ್ಯಾಟ್‌ನಲ್ಲಿ ಬಯಲಾಗುತ್ತದೆ.

ಸ್ಟಾರ್‌ಲಿಂಕ್ ಇದರ ತುತ್ತತುದಿ. ಆಂಟೆನಾ, ಟ್ರಾನ್ಸ್‌ಮಿಟರ್, ಕಂಪ್ಯೂಟರ್ ಎಲ್ಲ ಹೊರಗಿನ ಹಲಗೆಯಲ್ಲೇ ಇದೆ. ಮಾಮೂಲಿ ಕಿಟ್ 75ರಿಂದ 100 ವ್ಯಾಟ್ ತಿನ್ನುತ್ತದೆ, ಮಿನಿ ಅನ್ನುವುದು 25ರಿಂದ 40. ಸೋಲಾರ್ ನಂಬಿಕೊಂಡು ತೋಟದ ಮನೆಗೆ ಹಾಕುವ ಯೋಚನೆ ಇರುವವರು ಇದನ್ನು 24 ಗಂಟೆಯಿಂದ ಗುಣಿಸಿ ನೋಡಿಕೊಳ್ಳಬೇಕು. ಮಾಮೂಲಿ ಕಿಟ್‌ಗೆ ದಿನಕ್ಕೆ ಎರಡು ಯೂನಿಟ್ ಆಸುಪಾಸು ಬರುತ್ತದೆ.

ಕೈಯಲ್ಲಿ ಮಲ್ಟಿಮೀಟರ್ ಇದ್ದರೆ

ಯಾವ ಪೋರ್ಟಿನಲ್ಲಿ ಡಿಸಿ ಇದೆ ಅಂತ ತಿಳಿಯುವುದು ಎರಡು ನಿಮಿಷದ ಕೆಲಸ. ಮೊದಲು ಜಿಪಿಎಸ್ ಪೋರ್ಟು: ಕೇಬಲ್ ಬಿಚ್ಚಿ, ಪೆಟ್ಟಿಗೆ ಆನ್ ಮಾಡಿ, ನಡುಪಿನ್ನು ಮತ್ತು ಹೊರಚಿಪ್ಪಿನ ನಡುವೆ ವೋಲ್ಟ್ ನೋಡಿ. 3.3 ಅಥವಾ 5 ಕಂಡರೆ ಅದು ಆಕ್ಟಿವ್ ಆಂಟೆನಾಕ್ಕೆ ಸಿದ್ಧವಾಗಿದೆ. ಮೀಟರಿನ ಕಡ್ಡಿಯಿಂದ ಪಿನ್ನು ಮತ್ತು ಚಿಪ್ಪನ್ನು ಒಟ್ಟಿಗೆ ಮುಟ್ಟಿಸಬೇಡಿ. ಕಳಿಸುವ ಪೋರ್ಟನ್ನು ಹೀಗೆ ಆನ್ ಮಾಡಿ ಪರೀಕ್ಷಿಸುವುದು ಬೇಡ, ಅದರ ಕೈಪಿಡಿ ಓದಿ ಸಾಕು. ಜಿಪಿಎಸ್ ಕೇಬಲ್ ಬಿಚ್ಚುವಾಗ ಕಳಿಸುವ ಆಂಟೆನಾ ಜಾಗದಲ್ಲೇ ಇರಲಿ.

ಆಮೇಲೆ ಆಂಟೆನಾವನ್ನೇ ಬಿಡಿಯಾಗಿ ಹಿಡಿದು ಓಮ್ ನೋಡಿ. ಸೊನ್ನೆಯ ಹತ್ತಿರ ಅಥವಾ ಪೂರ್ತಿ ಓಪನ್ ಬಂದರೆ ಬಹುತೇಕ ಪ್ಯಾಸಿವ್. ನೂರಾರು ಅಥವಾ ಸಾವಿರಾರು ಓಮ್ ಬಂದು, ಮೀಟರಿನ ತಂತಿ ಅದಲುಬದಲು ಮಾಡಿದಾಗ ಅಂಕಿಯೂ ಬದಲಾದರೆ ಒಳಗೆ ಚಿಪ್ ಇದೆ ಅಂತ ಅರ್ಥ. ಅಂಥ ಆಂಟೆನಾವನ್ನು ಕಳಿಸುವ ಪೋರ್ಟಿಗೆ ತಿರುಗಿಸಬಾರದು. ನೆನಪಿಡಿ, ಸೊನ್ನೆ ಓಮ್ ಕಂಡ ಮಾತ್ರಕ್ಕೆ ಆಂಟೆನಾ ಸುಟ್ಟುಹೋಗಿದೆ ಅಂತ ಎಸೆಯಬೇಡಿ. ಎಷ್ಟೋ ಒಳ್ಳೆಯ ಆಂಟೆನಾಗಳು ಹುಟ್ಟಿದ್ದೇ ಹಾಗೆ.

ಇಷ್ಟೆಲ್ಲ ನೋಡಿಯೂ ಸಿಗ್ನಲ್ ಸಾಲದಿದ್ದರೆ ನಡುವೆ ಒಂದು ಪವರ್ ಆಂಪ್ಲಿಫಯರ್ ಹಾಕುವ ಆಸೆ ಬರುತ್ತದೆ, ಆನ್‌ಲೈನಲ್ಲಿ ಸಿಗುತ್ತದೆ ಕೂಡ. ಅದು ಬೇಡ. ಸ್ಯಾಟಲೈಟ್ ಉಪಕರಣಕ್ಕೆ ಅನುಮತಿ ಸಿಗುವುದು ಇಷ್ಟೇ ಶಕ್ತಿ, ಇಂಥದೇ ಆಂಟೆನಾ ಅನ್ನುವ ಲೆಕ್ಕದ ಮೇಲೆ. ಒಬ್ಬರು ಜೋರಾಗಿ ಕೂಗಿದರೆ ಅದೇ ಸ್ಯಾಟಲೈಟ್‌ನಲ್ಲಿ ಪಕ್ಕದವರ ತುರ್ತು ಸಂದೇಶ ಮುಳುಗಬಹುದು. ಭಾರತದಲ್ಲಿ ಇನ್ನೊಂದು ಮಾತೂ ಇದೆ. ಇರಿಡಿಯಂ, ಥುರಾಯಾ ಜಾತಿಯ ಸ್ಯಾಟಲೈಟ್ ಫೋನು, ಮೆಸೆಂಜರ್‌ಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಚಾರಣಕ್ಕೆಂದು ಅಂಗೈಯಗಲದ ಮೆಸೆಂಜರ್ ತಂದ ವಿದೇಶಿ ಪ್ರವಾಸಿಗರು ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದದ್ದುಂಟು. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ನಮ್ಮವರು ಊರಿಗೆ ಬರುವಾಗ ಬ್ಯಾಗಿನಿಂದ ಅದನ್ನು ತೆಗೆದಿಟ್ಟು ಬರುವುದು ಕ್ಷೇಮ. ಬೋಟಿಗೆ ಮೀನುಗಾರಿಕೆ ಇಲಾಖೆಯ ಮೂಲಕ ಬರುವ ಟ್ರಾನ್ಸ್‌ಪಾಂಡರ್‌ಗೆ ಈ ತೊಡಕಿಲ್ಲ. ಅದರ ಜೊತೆ ಬಂದ ಕೇಬಲನ್ನು ಕತ್ತರಿಸಿ ಉದ್ದ ಮಾಡದಿದ್ದರೆ ಸಾಕು.